ಕಿರು ಪಾಸ್‌ಗಳ ಫುಟ್‌ಬಾಲ್ ಮತ್ತು ಅದಕ್ಕೊಪ್ಪುವ ಕ್ವಾರ್ಟರ್‌ಬ್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕೆ ಕೆಲಸಕ್ಕೆಂದು ಬಂದ ಕನ್ನಡಿಗರಲ್ಲಿ ಹಲವರು ಮೊದಲ ಒಂದೆರಡು ವರ್ಷ ಅಮೆರಿಕನ್ ಫುಟ್‌ಬಾಲನ್ನು ದೂರದಿಂದಲೇ ನೋಡುತ್ತಾರೆ. ಆಮೇಲೊಂದು ದಿನ ಮಗ ಅಥವಾ ಮಗಳು ಶಾಲೆಯಿಂದ ಬಂದು ಕೆಂಪು ಅಂಗಿ ಬೇಕೆಂದು ಹಟ ಹಿಡಿಯುತ್ತಾರೆ. ಭಾನುವಾರ ಟಿವಿ ಮುಂದೆ ಕೂತ ಅಪ್ಪ ಅಮ್ಮನಿಗೆ ಪ್ರಶ್ನೆಗಳು ಶುರುವಾಗುತ್ತವೆ. ಈ ಊರಿನ ಫೋರ್ಟಿನೈನರ್ಸ್ ತಂಡ ಜಗತ್ತಿಗೆ ಕಲಿಸಿದ ಕಿರು ಪಾಸ್‌ಗಳ ಪದ್ಧತಿಯ ಬಗ್ಗೆ ನನಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉದಾಹರಣೆಗಳೆಲ್ಲ ಬಹುಮಟ್ಟಿಗೆ ಕೋಚ್ ಬಿಲ್ ವಾಲ್ಷ್ ಮತ್ತು ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅವರ ಕಾಲದವು. ಈ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಲು ಆ ಜೋಡಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೊದಲು, ಈ ಆಟದಲ್ಲಿ ಗೊತ್ತಿರಲೇಬೇಕಾದದ್ದು ಏನು?

ಮೈದಾನ 100 ಯಾರ್ಡ್ ಉದ್ದ, 53 ಯಾರ್ಡ್‌ಗಿಂತ ತುಸು ಹೆಚ್ಚು ಅಗಲ. ಒಂದೊಂದು ಕಡೆ 11 ಮಂದಿ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶಗಳಿರುತ್ತವೆ. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. 10 ಯಾರ್ಡ್ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದುಬಿಡುವುದರಿಂದ ಕೈಯಲ್ಲಿರುವುದು ಮೂರು ಎಂದೇ ಲೆಕ್ಕ ಹಿಡಿಯಿರಿ. ಪ್ರತಿ ಡೌನ್‌ನಲ್ಲೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಅವನು ಅದನ್ನು ಓಟಗಾರನಿಗೆ ಕೊಡಬಹುದು, ತಾನೇ ಓಡಬಹುದು ಅಥವಾ ಮುಂದಿರುವ ರಿಸೀವರ್‌ಗೆ ಎಸೆಯಬಹುದು. ಅವನನ್ನು ಕೆಡವಲು ಎದುರಾಳಿಗಳು ನುಗ್ಗುತ್ತಾರೆ, ಅವರನ್ನು ಐದು ದೈತ್ಯ ಲೈನ್‌ಮನ್‌ಗಳು ತಡೆಯುತ್ತಾರೆ.

ಕಿರು ಪಾಸ್ ಎಂದರೆ ಎಷ್ಟು ಕಿರಿದು?

ಹೆಚ್ಚಿನವು ಚೆಂಡು ಇಟ್ಟ ಗೆರೆಯಿಂದ 10 ಯಾರ್ಡ್‌ಗಳ ಒಳಗಿನವು. ಕೆಲವಂತೂ ಗೆರೆಯ ಪಕ್ಕದಲ್ಲೇ ಓಟಗಾರನ ಕೈಗೆ ಮುಟ್ಟುತ್ತವೆ. ಹಿಡಿದ ಮೇಲೆ ಓಡಿ ಗಳಿಸುವ ದೂರವೇ ಈ ಪದ್ಧತಿಯ ನಿಜವಾದ ಆದಾಯ. ಐದು ಯಾರ್ಡ್ ಗಾಳಿಯಲ್ಲಿ, ಎಂಟು ಯಾರ್ಡ್ ಕಾಲಿನಲ್ಲಿ. ಅದಕ್ಕಾಗಿಯೇ ಅಂಕಿಅಂಶಗಳಲ್ಲಿ ಬರೆದ ಪಾಸ್‌ನ ಉದ್ದವನ್ನು ನೋಡಿ ಎಸೆತ ಎಷ್ಟು ದೂರ ಹೋಯಿತೆಂದು ಊಹಿಸಲು ಹೋಗಬೇಡಿ.

ಇಂಥದೊಂದು ಪದ್ಧತಿ ಹುಟ್ಟಿದ್ದಾದರೂ ಹೇಗೆ?

ಒಬ್ಬ ಆಟಗಾರನ ಭುಜಕ್ಕೆ ಪೆಟ್ಟು ಬಿದ್ದದ್ದರಿಂದ ಮತ್ತು ಇನ್ನೊಬ್ಬನ ತೋಳಿನಲ್ಲಿ ಬಲ ಸಾಲದೆ ಇದ್ದುದರಿಂದ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು.

1968ರಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಪಾಲ್ ಬ್ರೌನ್ ಅವರು ಬೆಂಗಾಲ್ಸ್ ಎಂಬ ಹೊಸ ತಂಡ ಕಟ್ಟಿದರು. ಬಿಲ್ ವಾಲ್ಷ್ ಅಲ್ಲಿ ಸಹಾಯಕ ಕೋಚ್. ಮರುವರ್ಷ ತಂಡಕ್ಕೆ ಗ್ರೆಗ್ ಕುಕ್ ಎಂಬ ತರುಣ ಕ್ವಾರ್ಟರ್‌ಬ್ಯಾಕ್ ಸಿಕ್ಕರು. ಎತ್ತರದ ಆಳು, ಮೈದಾನದ ಉದ್ದಕ್ಕೂ ಎಸೆಯಬಲ್ಲ ತೋಳು. ವಾಲ್ಷ್ ಅವರೂ ಆ ತೋಳಿಗೆ ತಕ್ಕಂತೆ ದೂರದ ಪಾಸ್‌ಗಳನ್ನೇ ಹೆಣೆದಿದ್ದರು. ಆದರೆ ಆ ಮೊದಲ ಋತುವಿನಲ್ಲೇ ಕುಕ್ ಅವರ ಭುಜಕ್ಕೆ ಬಲವಾದ ಪೆಟ್ಟು ಬಿತ್ತು. ಅವರ ವೃತ್ತಿಜೀವನ ಬಹುಮಟ್ಟಿಗೆ ಅಲ್ಲಿಗೇ ನಿಂತಿತು.

ಅವರ ಜಾಗಕ್ಕೆ 1970ರಲ್ಲಿ ಬಂದವರು ವರ್ಜಿಲ್ ಕಾರ್ಟರ್. ದೂರಕ್ಕೆ ಎಸೆಯುವ ಶಕ್ತಿ ಅವರಿಗಿರಲಿಲ್ಲ. ಗುರಿ ಮಾತ್ರ ನಿಖರ, ಕಾಲು ಚುರುಕು, ತಲೆ ಅದಕ್ಕಿಂತ ಚುರುಕು. ಮೈದಾನದ ಯಾವ ಜಾಗದಲ್ಲಿ ಚೆಂಡಿದ್ದರೆ ಎಷ್ಟು ಅಂಕದ ಬೆಲೆ ಎಂದು ಲೆಕ್ಕ ಹಾಕಿ, 1971ರಲ್ಲಿ ಒಬ್ಬ ಪ್ರಾಧ್ಯಾಪಕರ ಜೊತೆ ಸೇರಿ ಸಂಶೋಧನಾ ಪ್ರಬಂಧ ಪ್ರಕಟಿಸಿದ ಆಟಗಾರ ಅವರು. ವಾಲ್ಷ್ ಹಾಸಿಗೆ ಇದ್ದಷ್ಟೇ ಕಾಲು ಚಾಚಿದರು. ದೂರ ಎಸೆಯಲಾಗದಿದ್ದರೆ ಹತ್ತಿರಕ್ಕೆ ಎಸೆಯೋಣ, ಉದ್ದಕ್ಕೆ ಹಿಗ್ಗಿಸಲಾಗದ ಎದುರಾಳಿಯನ್ನು ಅಗಲಕ್ಕೆ ಹಿಗ್ಗಿಸೋಣ ಎಂದು ಹೊರಟರು. ಬೆಂಗಾಲ್ಸ್ 1970ರಲ್ಲಿ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಸೋತಿತ್ತು. ಉಳಿದ ಏಳನ್ನೂ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. 1971ರಲ್ಲಿ ಕಾರ್ಟರ್ ಎಸೆದ ಪಾಸ್‌ಗಳಲ್ಲಿ ಶೇ 62.2 ಗುರಿ ಮುಟ್ಟಿದವು. ಆ ವರ್ಷ ಇಡೀ ಲೀಗ್‌ನಲ್ಲಿ ಅದೇ ಅತಿ ಹೆಚ್ಚು.

ಕೈಯಲ್ಲಿದ್ದ ಮನುಷ್ಯನನ್ನು ನೋಡಿ ಆಟ ಹೆಣೆದದ್ದು ಇಲ್ಲಿ ನಡೆಯಿತು. ಮುಂದೆ ಬಂದ ಎಲ್ಲ ಗೆಲುವುಗಳ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಒಂದು ಕಿರು ಪಾಸ್ ಒಳಗಿನಿಂದ ಹೇಗಿರುತ್ತದೆ?

ಸ್ಲ್ಯಾಂಟ್ ಎಂಬ ಸರಳವಾದ ಒಂದನ್ನು ನಿಧಾನವಾಗಿ ನೋಡೋಣ.

ಎಡತುದಿಯಲ್ಲಿ ಒಬ್ಬ ರಿಸೀವರ್ ನಿಂತಿದ್ದಾನೆ. ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಒಬ್ಬ ಓಟಗಾರ. ಚೆಂಡು ಕೈಗೆ ಬಂದೊಡನೆ ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಮೂರು ಹೆಜ್ಜೆ ಇಡುತ್ತಾನೆ: ಬಲ, ಎಡ, ಬಲ. ಅದೇ ಹೊತ್ತಿಗೆ ರಿಸೀವರ್ ಮುಂದಕ್ಕೆ ಮೂರು ಹೆಜ್ಜೆ ಓಡಿ, ಹೊರಗಾಲನ್ನು ಊರಿ, ಮೈದಾನದ ನಡುವಿನ ಕಡೆಗೆ ಓರೆಯಾಗಿ ತಿರುಗುತ್ತಾನೆ. ಓಟಗಾರ ಇದಕ್ಕೆ ವಿರುದ್ಧವಾಗಿ ಎಡ ಅಂಚಿನ ಕಡೆಗೆ ಓಡುತ್ತಾನೆ. ಇಬ್ಬರ ದಾರಿಗಳು ಕತ್ತರಿಯಂತೆ ಹಾಯುತ್ತವೆ.

ಈ ಕತ್ತರಿಯ ನಡುವೆ ಎದುರಾಳಿ ತಂಡದ ಒಬ್ಬ ಲೈನ್‌ಬ್ಯಾಕರ್, ಅಂದರೆ ಮುಂಚೂಣಿಯವರ ಹಿಂದೆ ನಿಂತು ಕಾಯುವವನು, ಸಿಕ್ಕಿಕೊಂಡಿರುತ್ತಾನೆ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಅವನ ಮೇಲೆ. ಅವನು ಓಟಗಾರನ ಹಿಂದೆ ಹೊರಗೆ ಹೋದರೆ ಅವನು ಬಿಟ್ಟುಹೋದ ಜಾಗಕ್ಕೆ ಸ್ಲ್ಯಾಂಟ್ ಎಸೆತ. ನಿಂತಲ್ಲೇ ನಿಂತರೆ ಅಂಚಿನಲ್ಲಿ ಒಂಟಿಯಾದ ಓಟಗಾರನಿಗೆ ಎಸೆತ. ಎರಡರಲ್ಲಿ ಯಾವುದನ್ನು ಮಾಡಿದರೂ ಅವನದು ತಪ್ಪೇ ಆಗುತ್ತದೆ. ಮೂರನೆಯ ಹೆಜ್ಜೆ ನೆಲ ಮುಟ್ಟಿತು, ಚೆಂಡು ಹೋಯಿತು. ಎಲ್ಲ ಎರಡು ಸೆಕೆಂಡಿನ ಒಳಗೆ. 120 ಕಿಲೊ ತೂಕದ ಎದುರಾಳಿ ಲೈನ್‌ಮನ್‌ನನ್ನು ತಳ್ಳಿ ಒಳಗೆ ಬರುವಷ್ಟರಲ್ಲಿ ಅವನಿಗೆ ಸಿಗುವುದು ಖಾಲಿ ಕೈಯ ಕ್ವಾರ್ಟರ್‌ಬ್ಯಾಕ್.

ಚೆಂಡು ಎಲ್ಲಿ ಬೀಳಬೇಕು ಎಂಬುದು ಇನ್ನೂ ಸೂಕ್ಷ್ಮ. ರಿಸೀವರ್‌ನ ಎದೆಯ ಎತ್ತರಕ್ಕೆ, ಅವನಿಗಿಂತ ಒಂದಡಿ ಮುಂದೆ. ಆಗ ಅವನು ವೇಗ ಕಡಿಮೆ ಮಾಡದೆ ಹಿಡಿಯುತ್ತಾನೆ. ಫೋರ್ಟಿನೈನರ್ಸ್ ರಿಸೀವರ್ ಜೆರಿ ರೈಸ್ ಹೀಗೆ ಐದಾರು ಯಾರ್ಡ್‌ನ ಪಾಸ್ ಹಿಡಿದು ಯಾರ ಕೈಗೂ ಸಿಗದೆ ಗೆರೆ ದಾಟಿದ ದೃಶ್ಯಗಳನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ.

ರಿಸೀವರ್ ತಿರುಗುವ ಮೊದಲೇ ಎಸೆಯುವುದು ಅಪಾಯವಲ್ಲವೇ?

ನಮ್ಮ ಊರುಗಳ ವಾಲಿಬಾಲ್ ಅಂಗಳವನ್ನು ನೆನಪಿಸಿಕೊಳ್ಳಿ. ಒಳ್ಳೆಯ ಜೋಡಿಯಾದರೆ ಲಿಫ್ಟರ್ ಚೆಂಡು ಎತ್ತುವ ಮೊದಲೇ ಸ್ಮ್ಯಾಷರ್ ನೆಲ ಬಿಟ್ಟಿರುತ್ತಾನೆ. ಅವನ ಕೈ ಎಲ್ಲಿಗೆ ಬರುತ್ತದೆಂದು ಲಿಫ್ಟರ್‌ಗೆ ಗೊತ್ತು, ಚೆಂಡು ಅಲ್ಲಿಗೇ ಬರುತ್ತದೆಂದು ಇವನಿಗೆ ಗೊತ್ತು. ಎದುರಿನವರು ಕೈ ಎತ್ತುವಷ್ಟರಲ್ಲಿ ಚೆಂಡು ನೆಲದಲ್ಲಿರುತ್ತದೆ. ಕಿರು ಪಾಸ್‌ನ ಗುಟ್ಟೂ ಅದೇ. ಆ ನಂಬಿಕೆ ಸಾವಿರ ಸಲದ ಅಭ್ಯಾಸದಿಂದ ಬರುತ್ತದೆ. ರಿಸೀವರ್ ಮೂರು ಹೆಜ್ಜೆಗೆ ಬದಲು ನಾಲ್ಕು ಇಟ್ಟರೆ ಚೆಂಡು ಸೀದಾ ಎದುರಾಳಿಯ ಕೈಗೆ. ಆದ್ದರಿಂದ ಈ ಪದ್ಧತಿಯಲ್ಲಿ ಅಪಾಯ ಖಂಡಿತ ಇದೆ.

ಹೆಜ್ಜೆಗಳ ಲೆಕ್ಕಕ್ಕೆ ಇಷ್ಟೊಂದು ಮಹತ್ವ ಏಕೆ?

ಹೆಜ್ಜೆಯೇ ಇಲ್ಲಿ ತಾಳ. ಮೂರು ಹೆಜ್ಜೆಯ ಪಾಸ್, ಐದು ಹೆಜ್ಜೆಯ ಪಾಸ್, ಏಳು ಹೆಜ್ಜೆಯ ಪಾಸ್ ಎಂದು ವಿಂಗಡಣೆ ಇದೆ. ಐದನೆಯ ಹೆಜ್ಜೆ ಊರಿದಾಗ ಮೊದಲ ರಿಸೀವರ್ ಖಾಲಿ ಇದ್ದಾನೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಮುಂದಕ್ಕೊಂದು ಪುಟ್ಟ ಕುಪ್ಪಳಿಕೆ, ಅಷ್ಟರಲ್ಲಿ ಕಣ್ಣು ಎರಡನೆಯವನ ಮೇಲೆ. ಮತ್ತೊಂದು ಕುಪ್ಪಳಿಕೆ, ಮೂರನೆಯವನು. ಯಾರೂ ಸಿಗದಿದ್ದರೆ ಹತ್ತಿರದ ಓಟಗಾರ. ಎಷ್ಟು ಹೊತ್ತು ಕಾಯಬೇಕೆಂದು ಕ್ವಾರ್ಟರ್‌ಬ್ಯಾಕ್ ಯೋಚಿಸಬೇಕಾಗಿಲ್ಲ, ಅವನ ಪಾದವೇ ಹೇಳುತ್ತದೆ.

ಮೊಂಟಾನಾ ಅವರಿಗೆ ಇದು ಅಷ್ಟು ಚೆನ್ನಾಗಿ ಒಗ್ಗಿದ್ದೇಕೆ?

1979ರಲ್ಲಿ ವಾಲ್ಷ್ ಅವರು ಫೋರ್ಟಿನೈನರ್ಸ್ ತಂಡದ ಮುಖ್ಯ ಕೋಚ್ ಆದಾಗ ತಂಡ ಹಿಂದಿನ ವರ್ಷ 16ರಲ್ಲಿ 14 ಪಂದ್ಯ ಸೋತಿತ್ತು. ಅದೇ ವರ್ಷ ಆಟಗಾರರ ಆಯ್ಕೆಯ ಮೂರನೆಯ ಸುತ್ತಿನಲ್ಲಿ, 82ನೆಯವರಾಗಿ, ನೋಟರ್‌ಡೇಮ್ ವಿಶ್ವವಿದ್ಯಾಲಯದ ಮೊಂಟಾನಾ ಅವರನ್ನು ಆರಿಸಿಕೊಂಡರು. ಅಷ್ಟು ಹೊತ್ತು ಯಾರೂ ಅವರನ್ನು ಕರೆಯದಿರಲು ಒಂದು ಕಾರಣ ತೋಳು. ಅದು ಸಾಧಾರಣ ತೋಳು, ಮೈಕಟ್ಟೂ ತೆಳು. ವಾಲ್ಷ್ ನೋಡಿದ್ದು ಪಾದಗಳನ್ನು. ಹಿಂದಕ್ಕೆ ಜಾರುವಾಗ ಆ ಪಾದಗಳು ನರ್ತಕನ ಪಾದಗಳಂತೆ ಹಗುರಾಗಿದ್ದವು, ಯಾವ ಹೆಜ್ಜೆಯಲ್ಲಿ ಬೇಕಾದರೂ ನಿಂತು ಎಸೆಯಲು ಸಿದ್ಧವಾಗಿದ್ದವು.

ಎರಡನೆಯದು ಎಸೆತದ ಮೃದುತ್ವ. ಮೊಂಟಾನಾ ಎಸೆದ ಚೆಂಡು ರಿಸೀವರ್‌ನ ಕೈಗೆ ಬಡಿಯುತ್ತಿರಲಿಲ್ಲ, ಬಂದು ಕೂರುತ್ತಿತ್ತು. ಐದು ಯಾರ್ಡ್ ದೂರದಿಂದ ಕಲ್ಲಿನಂತೆ ಬರುವ ಚೆಂಡನ್ನು ಓಡುತ್ತಾ ಹಿಡಿಯುವುದು ಕಷ್ಟ. ಇಲ್ಲಿ ತೋಳಿನ ಬಲಕ್ಕಿಂತ ಹದ ದೊಡ್ಡದು.

ಮೂರನೆಯದು ಕಣ್ಣು ಮತ್ತು ತಾಳ್ಮೆ. ದೂರದಲ್ಲೊಬ್ಬ ಓಡುತ್ತಿರುವುದು ಕಂಡರೆ ಅವನಿಗೇ ಎಸೆದು ಹೆಸರು ಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಮೊಂಟಾನಾ ನಾಲ್ಕು ಯಾರ್ಡ್ ಸಿಕ್ಕಿದರೆ ನಾಲ್ಕನ್ನೇ ತೆಗೆದುಕೊಳ್ಳುತ್ತಿದ್ದರು. ಹನಿಹನಿಗೂಡಿದರೆ ಹಳ್ಳ ಎಂಬುದು ಅವರ ಆಟದಲ್ಲಿ ಅಕ್ಷರಶಃ ನಿಜ. 1980 ಮತ್ತು 1981ರಲ್ಲಿ ಗುರಿ ಮುಟ್ಟಿದ ಪಾಸ್‌ಗಳ ಪ್ರಮಾಣದಲ್ಲಿ ಅವರೇ ಲೀಗ್‌ಗೆ ಮೊದಲಿಗರು, 1989ರಲ್ಲಿ ಅದು ಶೇ 70.2ಕ್ಕೆ ಏರಿತು. ಆಡಿದ ನಾಲ್ಕು ಸೂಪರ್ ಬೌಲ್‌ಗಳನ್ನೂ, ಅಂದರೆ ಲೀಗ್‌ನ ಅಂತಿಮ ಪಂದ್ಯಗಳನ್ನೂ, ಗೆದ್ದರು. ಆ ನಾಲ್ಕರಲ್ಲಿ ಎಸೆದ 122 ಪಾಸ್‌ಗಳಲ್ಲಿ 11 ಟಚ್‌ಡೌನ್ ಆದವು, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು. ಎದುರಾಳಿಯ ಕೈಗೆ ಒಂದೂ ಹೋಗಲಿಲ್ಲ. ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ.

ಹಾಗಾದರೆ ಪದ್ಧತಿ ದೊಡ್ಡದೋ ಆಟಗಾರ ದೊಡ್ಡವನೋ?

ಇದಕ್ಕೆ 1979ರ ಸ್ಟೀವ್ ಡಿಬರ್ಗ್ ಅವರನ್ನು ನೋಡಬೇಕು. ವಾಲ್ಷ್ ಅವರ ಮೊದಲ ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಅವರು. 578 ಪಾಸ್ ಎಸೆದು 347 ಮುಟ್ಟಿಸಿದರು. ಎರಡೂ ಆ ಕಾಲಕ್ಕೆ ಲೀಗ್ ದಾಖಲೆಗಳು. ತಂಡ ಮಾತ್ರ ಮತ್ತೆ ಎರಡೇ ಪಂದ್ಯ ಗೆದ್ದಿತು. ಪದ್ಧತಿ ಒಬ್ಬ ಸಾಧಾರಣ ಕ್ವಾರ್ಟರ್‌ಬ್ಯಾಕನ್ನು ಗೌರವಸ್ಥನನ್ನಾಗಿ ಮಾಡಬಲ್ಲದು, ಅಲ್ಲಿಂದ ಮುಂದಕ್ಕೆ ಒಯ್ಯಲು ಆಟಗಾರನೇ ಬೇಕು. ಹೆಣೆದ ನಡೆ ಮುರಿದುಬಿದ್ದಾಗ ಇದು ಚೆನ್ನಾಗಿ ಕಾಣುತ್ತದೆ. 1982ರ ಜನವರಿ 10ರಂದು ಡಲ್ಲಾಸ್ ವಿರುದ್ಧ, ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ, ಮೊದಲ ಆಯ್ಕೆಯಾಗಿದ್ದ ಫ್ರೆಡಿ ಸಾಲಮನ್ ಖಾಲಿಯಾಗಲಿಲ್ಲ. ಮೂವರು ಅಟ್ಟಿಸಿಕೊಂಡು ಬರುತ್ತಿದ್ದಂತೆ ಮೊಂಟಾನಾ ಬಲಕ್ಕೆ ಜಾರುತ್ತಾ ಮೈದಾನದ ಹಿಂತುದಿಗೆ ಚೆಂಡನ್ನು ಎತ್ತರಕ್ಕೆ ತೇಲಿಸಿದರು. ಡ್ವೈಟ್ ಕ್ಲಾರ್ಕ್ ನೆಗೆದು ಬೆರಳ ತುದಿಯಲ್ಲಿ ಹಿಡಿದರು. ಅಂತಿಮ ಅಂಕ 28–27. ಅಮೆರಿಕದಲ್ಲಿ ಅದನ್ನು ಇವತ್ತಿಗೂ ‘ದ ಕ್ಯಾಚ್’ ಎಂದೇ ಕರೆಯುತ್ತಾರೆ. ಅದು ಅದೃಷ್ಟದ ಎಸೆತ ಎನ್ನುವವರಿದ್ದಾರೆ. ಆದರೆ ಆ ಎರಡನೆಯ ಆಯ್ಕೆಯನ್ನೂ ಅಭ್ಯಾಸದಲ್ಲಿ ಮಾಡಿಸಿದ್ದರು.

ಬಲವಾದ ತೋಳಿನವರಿಗೆ ಇದು ಹೊಂದುವುದಿಲ್ಲವೇ?

ಹೊಂದುತ್ತದೆ, ಆದರೆ ಪಳಗಬೇಕು. ಮೊಂಟಾನಾ ನಂತರ ಬಂದ ಎಡಗೈ ಆಟಗಾರ ಸ್ಟೀವ್ ಯಂಗ್ ಮೊದಮೊದಲು ತಾಳ ತಪ್ಪಿದೊಡನೆ ಚೆಂಡು ಹಿಡಿದು ಓಡುತ್ತಿದ್ದರು. ಕಾಯುವುದನ್ನು ಕಲಿತ ಮೇಲೆ 1995ರ ಜನವರಿಯ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಪಾಸ್ ಎಸೆದರು. ಗ್ರೀನ್ ಬೇ ತಂಡದ ಬ್ರೆಟ್ ಫಾರ್ವ್ ಅವರದಂತೂ ಕವಣೆಯಂಥ ತೋಳು. ಫೋರ್ಟಿನೈನರ್ಸ್‌ನಿಂದ ಹೋದ ಕೋಚ್ ಮೈಕ್ ಹೋಮ್‌ಗ್ರೆನ್ ಅವರು ಫಾರ್ವ್ ಅವರನ್ನು ಇದೇ ಹೆಜ್ಜೆಗಳಿಗೆ ಕಟ್ಟಿಹಾಕಿದರು. 1997ರ ಜನವರಿಯಲ್ಲಿ ಅವರೂ ಸೂಪರ್ ಬೌಲ್ ಗೆದ್ದರು.

ಓಟಗಾರರು ಪಾಸ್ ಹಿಡಿಯುವುದರಿಂದ ಏನು ಲಾಭ?

ಐದು ಜನ ಹೊರಗೆ ಓಡಿದರೆ ಎದುರಾಳಿ ಐವರನ್ನೂ ಕಾಯಬೇಕು, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು ಅಷ್ಟು ಕಡಿಮೆಯಾಗುತ್ತಾರೆ. ರೋಜರ್ ಕ್ರೇಗ್ 1985ರಲ್ಲಿ ಓಡಿ 1,050 ಯಾರ್ಡ್, ಪಾಸ್ ಹಿಡಿದು 1,016 ಯಾರ್ಡ್ ಗಳಿಸಿದರು. ಒಂದೇ ಋತುವಿನಲ್ಲಿ ಎರಡರಲ್ಲೂ ಸಾವಿರ ದಾಟಿದ ಮೊದಲ ಆಟಗಾರ ಅವರು.

ಪಂದ್ಯಕ್ಕೆ ಮೊದಲೇ ನಡೆಗಳ ಪಟ್ಟಿ ಬರೆದಿಡುತ್ತಿದ್ದರಂತೆ, ನಿಜವೇ?

ನಿಜ. ಮೊದಲ 15 ನಡೆಗಳನ್ನು, ಮುಂದೆ ಅದಕ್ಕಿಂತಲೂ ಹೆಚ್ಚನ್ನು, ವಾಲ್ಷ್ ಹಿಂದಿನ ದಿನವೇ ಬರೆದಿಡುತ್ತಿದ್ದರು. ಅಬ್ಬರದ ನಡುವೆ ತಲೆ ಕೆಡುತ್ತದೆ, ಶಾಂತವಾದ ಕೋಣೆಯಲ್ಲಿ ಯೋಚಿಸಿದ್ದು ಹೆಚ್ಚು ಸರಿಯಾಗಿರುತ್ತದೆ ಎಂಬುದು ಅವರ ನಂಬಿಕೆ. ಕ್ವಾರ್ಟರ್‌ಬ್ಯಾಕ್‌ಗೂ ಅದರಿಂದ ಅನುಕೂಲ: ರಾತ್ರಿ ಮಲಗುವಾಗಲೇ ಬೆಳಗಿನ ಮೊದಲ ಎಸೆತ ಯಾವುದೆಂದು ಗೊತ್ತಿರುತ್ತದೆ. ಜೊತೆಗೆ ಆ 15 ನಡೆಗಳಿಗೆ ಎದುರಾಳಿ ಹೇಗೆ ಓಡಾಡಿದನೆಂದು ನೋಡಿಟ್ಟುಕೊಂಡರೆ ಉಳಿದ ಪಂದ್ಯಕ್ಕೆ ಬೇಕಾದ ಮಾಹಿತಿ ಸಿಗುತ್ತಿತ್ತು.

1980ರ ದಶಕದಲ್ಲೇ ಇದು ಅರಳಿದ್ದೇಕೆ?

ನಿಯಮಗಳೂ ನೆರವಾದವು. 1978ರಲ್ಲಿ ಐದು ಯಾರ್ಡ್ ದಾಟಿದ ರಿಸೀವರ್‌ನನ್ನು ತಳ್ಳಬಾರದೆಂಬ ನಿಯಮ ಬಂತು. ಲೈನ್‌ಮನ್‌ಗಳು ಕೈ ಚಾಚಿ, ಅಂಗೈ ತೆರೆದು ತಡೆಯಬಹುದೆಂದೂ ಆಯಿತು.

ಇದನ್ನು ತಡೆಯುವವರೇ ಇರಲಿಲ್ಲವೇ?

ಇದ್ದರು, ಮತ್ತು ಚೆನ್ನಾಗಿಯೇ ತಡೆದರು. ನ್ಯೂಯಾರ್ಕ್ ಜೈಂಟ್ಸ್ 1985ರ ಋತುವಿನ ಪ್ಲೇಆಫ್‌ನಲ್ಲಿ ಫೋರ್ಟಿನೈನರ್ಸ್ ತಂಡವನ್ನು ಮೂರೇ ಅಂಕಕ್ಕೆ ಕಟ್ಟಿಹಾಕಿ 17–3ರಿಂದ ಗೆದ್ದಿತು. ಮರುವರ್ಷ 49–3. ಮಾರ್ಗ ಇಷ್ಟು: ರಿಸೀವರ್‌ನನ್ನು ಮೊದಲ ಐದು ಯಾರ್ಡ್‌ಗಳಲ್ಲೇ ಎದೆಗೆ ಕೈಯಿಟ್ಟು ತಡೆಯುವುದು. ಅವನ ಮೂರನೆಯ ಹೆಜ್ಜೆ ಅರ್ಧ ಸೆಕೆಂಡು ತಡವಾದರೆ ಸಾಕು, ಎಲ್ಲರ ತಾಳ ತಪ್ಪುತ್ತದೆ. ನುಗ್ಗುವವರು ಕೈ ಎತ್ತಿ ಎಸೆತವನ್ನು ಬಡಿಯುವುದು ಇನ್ನೊಂದು ದಾರಿ. ಮೂರನೆಯದು, ಚೆಂಡು ಹಿಡಿದವನನ್ನು ಅಲ್ಲೇ ಕೆಡವುವುದು. ಹಿಡಿದ ಮೇಲೆ ಓಡಲು ಬಿಡದಿದ್ದರೆ ಕಿರು ಪಾಸ್ ನಿಜಕ್ಕೂ ಕಿರಿದಾಗಿಯೇ ಉಳಿಯುತ್ತದೆ.

ಸಮಯ ಮೀರುತ್ತಿರುವಾಗ ಕಿರು ಪಾಸ್ ನಂಬಿ ಕೂರಲು ಸಾಧ್ಯವೇ?

1989ರ ಜನವರಿ 22, ಮಯಾಮಿ, ಸೂಪರ್ ಬೌಲ್. ಎದುರಾಳಿ ಅದೇ ಸಿನ್ಸಿನಾಟಿ ಬೆಂಗಾಲ್ಸ್. ಅವರ ಕೋಚ್ ಸ್ಯಾಮ್ ವೈಚ್ ಹಿಂದೆ ಫೋರ್ಟಿನೈನರ್ಸ್‌ನಲ್ಲಿ ಮೊಂಟಾನಾ ಅವರಿಗೇ ಪಾಠ ಹೇಳಿದವರು. ಫೋರ್ಟಿನೈನರ್ಸ್ 13–16ರಿಂದ ಹಿಂದಿದೆ, ಚೆಂಡು ತಮ್ಮದೇ 8 ಯಾರ್ಡ್ ಗೆರೆಯ ಮೇಲೆ, ಉಳಿದಿರುವುದು 3 ನಿಮಿಷ 10 ಸೆಕೆಂಡು. ಗೆಲ್ಲಲು 92 ಯಾರ್ಡ್ ಹೋಗಬೇಕು.

ಮೊಂಟಾನಾ ದೂರಕ್ಕೆ ಎಸೆಯಲಿಲ್ಲ. ಕ್ರೇಗ್‌ಗೆ ಎಂಟು ಯಾರ್ಡ್. ಜಾನ್ ಫ್ರಾಂಕ್‌ಗೆ ಏಳು. ರೈಸ್‌ಗೆ ಏಳು. ನಡುವೆ ಉಸಿರುಗಟ್ಟಿ ತಲೆ ಸುತ್ತಿದಂತಾಗಿ ಒಂದು ಚೆಂಡನ್ನು ಬೇಕೆಂದೇ ಹೊರಗೆ ಎಸೆದರು. ಮರುನಡೆಯಲ್ಲಿ ತಂಡದ ತಪ್ಪಿಗೆ 10 ಯಾರ್ಡ್ ಹಿಂದೆ ಸರಿಯಬೇಕಾಯಿತು. ಆಗ ರೈಸ್ ನಡುವಿನಲ್ಲಿ ಒಂದು ಪಾಸ್ ಹಿಡಿದು ಮೂವರ ನಡುವೆ ನುಸುಳಿ 27 ಯಾರ್ಡ್ ಗಳಿಸಿದರು. ಮತ್ತೆ ಕ್ರೇಗ್‌ಗೆ ಎಂಟು. ಉಳಿದದ್ದು 10 ಯಾರ್ಡ್. ರೈಸ್ ಒಂದು ಕಡೆಗೆ ಓಡಿ ಎದುರಾಳಿಗಳ ಕಣ್ಣನ್ನೆಲ್ಲ ತಮ್ಮತ್ತ ಎಳೆದರು, ಅಲ್ಲಿಯವರೆಗೆ ಒಂದೂ ಪಾಸ್ ಹಿಡಿಯದಿದ್ದ ಜಾನ್ ಟೇಲರ್ ಇನ್ನೊಂದು ಕಡೆಯಿಂದ ನಡುವಿಗೆ ನುಗ್ಗಿದರು. 34 ಸೆಕೆಂಡು ಉಳಿದಿದ್ದಾಗ ಟಚ್‌ಡೌನ್. 20–16. ವಾಲ್ಷ್ ಅವರು ಆ ತಂಡದ ಕೋಚ್ ಆಗಿ ನಿಂತ ಕೊನೆಯ ಪಂದ್ಯ ಅದು.

ಇದಕ್ಕೆ ‘ವೆಸ್ಟ್ ಕೋಸ್ಟ್’ ಎಂಬ ಹೆಸರು ಏಕೆ?

ಪತ್ರಿಕೆಗಳಲ್ಲಿ ಅಂಟಿಕೊಂಡ ಹೆಸರು. ಹುಟ್ಟಿದ್ದು ಒಹಾಯೊದಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಇಂದಿನ ತಂಡವೂ ಹೀಗೇ ಆಡುತ್ತದೆಯೇ?

2017ರಿಂದ ಕೋಚ್ ಆಗಿರುವ ಕೈಲ್ ಶ್ಯಾನಹ್ಯಾನ್ ಅವರ ಆಟ ಇದೇ ಮನೆತನದ್ದು, ಆದರೆ ಓಟದ ನಟನೆ ಮಾಡಿ ಪಾಸ್ ಎಸೆಯುವುದು ಅದರಲ್ಲಿ ಹೆಚ್ಚು. ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2022ರ ಆಯ್ಕೆಯಲ್ಲಿ 262ನೆಯವರು, ಅಂದರೆ ಕಟ್ಟಕಡೆಯವರು. ಮತ್ತೆ ಅದೇ ದೂರು: ತೋಳು ಸಾಧಾರಣ, ಎತ್ತರ ಸಾಲದು. ಮತ್ತೆ ಅದೇ ಗುಣ: ಬೇಗ ಕಾಣುವ ಕಣ್ಣು, ರಿಸೀವರ್ ತಿರುಗುವ ಮೊದಲೇ ಕೈ ಬಿಡುವ ಧೈರ್ಯ. 2023ರಲ್ಲಿ ಪಾಸರ್ ರೇಟಿಂಗ್‌ನಲ್ಲಿ, ಅಂದರೆ ಎಸೆತಗಳ ಗುಣಮಟ್ಟವನ್ನು ಅಳೆಯುವ ಲೆಕ್ಕದಲ್ಲಿ, ಅವರೇ ಲೀಗ್‌ಗೆ ಮೊದಲಿಗರಾದರು. ಅದು ಪದ್ಧತಿಯ ಕೊಡುಗೆ, ಅವರದಲ್ಲ ಎಂದು ವಾದಿಸುವವರ ಜೊತೆ ನಾನು ಒಪ್ಪುವುದಿಲ್ಲ. ಹೆಜ್ಜೆ ಹಾಕಿಕೊಡಬಹುದು, ನುಗ್ಗಿ ಬರುವವನನ್ನು ಕಣ್ಣೆದುರಿಗೇ ಇಟ್ಟುಕೊಂಡು ಆ ಹೆಜ್ಜೆ ತಪ್ಪದೆ ನಿಲ್ಲುವವನು ಆಟಗಾರನೇ.

ಟಿವಿಯಲ್ಲಿ ನೋಡುವಾಗ ಏನನ್ನು ಗಮನಿಸಬೇಕು?

ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಮೊದಲು ಕ್ವಾರ್ಟರ್‌ಬ್ಯಾಕ್‌ನ ಕಾಲು ನೋಡಿ, ಹೆಜ್ಜೆಗಳನ್ನು ಬಾಯಲ್ಲೇ ಎಣಿಸಿ. ಕೊನೆಯ ಹೆಜ್ಜೆ ಊರಿದೊಡನೆ ಚೆಂಡು ಹೋದರೆ ಮೊದಲ ಆಯ್ಕೆಯೇ ಸಿಕ್ಕಿದೆ ಎಂದರ್ಥ. ಕುಪ್ಪಳಿಸಿದರೆ ಎರಡನೆಯದನ್ನು ಹುಡುಕುತ್ತಿದ್ದಾನೆ. ಆಮೇಲೆ ಮರುಪ್ರಸಾರದಲ್ಲಿ ಹಿಡಿದವನನ್ನು ನೋಡಿ. ಓಟ ಮುರಿಯದೆ ಹಾಗೇ ಮುಂದುವರಿದರೆ ಎಸೆತ ಹೇಳಿ ಮಾಡಿಸಿದಂತೆ ಬಂದಿದೆ. ಕೈಯನ್ನು ಹಿಂದಕ್ಕೆ ಚಾಚಿ, ಮೈ ತಿರುಚಿ ಹಿಡಿದರೆ ಚೆಂಡು ಅರ್ಧ ಅಡಿ ಹಿಂದೆ ಬಿದ್ದಿದೆ, ಮುಂದೆ ಸಿಗಬೇಕಿದ್ದ ಎಂಟು ಯಾರ್ಡ್ ಆ ಅರ್ಧ ಅಡಿಯಲ್ಲೇ ಹೋಗಿದೆ.